ಉರುಳಿದರೂ ಕಾಯುವ ಉಕ್ಕಿನ ಪಂಜರ

ಕಾಲು ಮೈಲಿಯ ನೇರವಾದ ಹಾದಿ. ನಮ್ಮ ಅಳತೆಯಲ್ಲಿ ಸುಮಾರು 402 ಮೀಟರು. ಅದರ ಒಂದು ತುದಿಯಲ್ಲಿ ಎರಡು ಕಾರುಗಳು ಅಕ್ಕಪಕ್ಕದಲ್ಲಿ ನಿಂತಿವೆ. ಹಸಿರು ದೀಪವು ಹೊತ್ತಿದೊಡನೆಯೇ ಎರಡೂ ಬಿಲ್ಲಿನಿಂದ ಬಿಟ್ಟ ಬಾಣಗಳಂತೆ ಚಿಮ್ಮುತ್ತವೆ. ನಾವು ಒಂದು, ಎರಡು ಎಂದು ನಿಧಾನವಾಗಿ ಹತ್ತರವರೆಗೆ ಎಣಿಸುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಈ ಸ್ಪರ್ಧೆಯಲ್ಲಿ ತಿರುವುಗಳಿಲ್ಲ, ಏರಿಳಿತಗಳಿಲ್ಲ. ನಿಂತ ನಿಲುವಿನಿಂದ ಹೊರಟು ಗುರಿಯನ್ನು ಮೊದಲು ಮುಟ್ಟಿದವರೇ ಗೆದ್ದವರು. ಇದಕ್ಕೆ ಡ್ರ್ಯಾಗ್ ಓಟವೆಂದು ಹೆಸರು.

ಈ ಆಟವು ಬೆಳೆದದ್ದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧದ ಬಳಿಕ ಕ್ಯಾಲಿಫೋರ್ನಿಯದ ತರುಣರು ಹಳೆಯ ಕಾರುಗಳ ಎಂಜಿನುಗಳನ್ನು ತಿದ್ದಿ, ಒಣಗಿದ ಸರೋವರಗಳ ತಳದಲ್ಲಿಯೂ, ಬಳಕೆ ತಪ್ಪಿದ ವಿಮಾನ ನಿಲ್ದಾಣಗಳಲ್ಲಿಯೂ, ಕೆಲವೊಮ್ಮೆ ಊರ ಬೀದಿಗಳಲ್ಲಿಯೂ ಪಂದ್ಯ ಕಟ್ಟಿ ಓಡಿಸುತ್ತಿದ್ದರು. ಬೀದಿಯ ಹುಚ್ಚಾಟವನ್ನು ತಪ್ಪಿಸಿ ಅದನ್ನು ನಿಯಮಬದ್ಧವಾದ ಕ್ರೀಡೆಯನ್ನಾಗಿ ಮಾಡುವ ಉದ್ದೇಶದಿಂದ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇಂದಿಗೂ ಈ ಕ್ರೀಡೆಗೆ ನಿಯಮಗಳನ್ನು ವಿಧಿಸುವ ಸಂಸ್ಥೆಗಳಲ್ಲಿ ಅದೇ ಪ್ರಮುಖವಾದುದು.

ಓಟಕ್ಕೆಂದೇ ಕಟ್ಟಿದ ಕಾರುಗಳ ಮಾತು ಬೇರೆ. ಬೀದಿಯಲ್ಲಿಯೂ ಓಡಾಡುವ ಅಧಿಕಾರವುಳ್ಳ, ನೋಂದಣಿ ಫಲಕವನ್ನು ಹೊತ್ತ ಕಾರುಗಳೂ ಈ ಹಾದಿಗೆ ಇಳಿಯುತ್ತವೆ. 2005ರಲ್ಲಿ ಆರಂಭವಾದ ‘ಡ್ರ್ಯಾಗ್ ವೀಕ್’ ಎಂಬ ಸ್ಪರ್ಧೆಯಲ್ಲಿ ಇಂತಹ ಕಾರುಗಳು ಒಂದು ಊರಿನ ಓಟದ ಹಾದಿಯಿಂದ ಇನ್ನೊಂದು ಊರಿನ ಹಾದಿಗೆ ಸಾರ್ವಜನಿಕ ರಸ್ತೆಯಲ್ಲಿಯೇ ಸಾಗಬೇಕು. ವಾರದೊಳಗೆ ಸುಮಾರು ಸಾವಿರ ಮೈಲಿಗಳ ಪಯಣವಾಗುತ್ತದೆ. ಒಂದೇ ಕಾರು ಬೆಳಿಗ್ಗೆ ಸಿಡಿಲಿನಂತೆ ಓಡಬೇಕು, ಸಂಜೆ ಸಂಸಾರಿಯಂತೆ ಸಾಗಬೇಕು. ಇಂತಹ ಕಾರಿನೊಳಗೆ ಚಾಲಕನ ಸುತ್ತಲೂ ಉಕ್ಕಿನ ಕೊಳವೆಗಳ ಚೌಕಟ್ಟೊಂದನ್ನು ಕಟ್ಟುತ್ತಾರೆ. ‘ರೋಲ್ ಕೇಜ್’ ಎಂದು ಅದರ ಹೆಸರು. ಕಾರು ಉರುಳಿದಾಗ ಕಾಯುವ ಪಂಜರವೆಂದು ಅರ್ಥ. ನಾವು ಅದನ್ನು ಪಂಜರವೆಂದೇ ಕರೆಯೋಣ. ಅದರ ರಚನೆಯಲ್ಲಿ ಭೌತವಿಜ್ಞಾನದ ಎಷ್ಟೋ ಪಾಠಗಳು ಅಡಗಿವೆ.

ವೇಗವೆಂಬ ಸಾಲ

ವಸ್ತುವಿನ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ನಾವು ಪ್ರೌಢಶಾಲೆಯಲ್ಲಿಯೇ ಕಲಿಯುತ್ತೇವೆ. ವೇಗವು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿಯಾಗುತ್ತದೆ. 1500 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 135 ಮೈಲಿ, ಎಂದರೆ ಸುಮಾರು 217 ಕಿಲೋಮೀಟರು ವೇಗದಲ್ಲಿ ಗುರಿಯನ್ನು ದಾಟುತ್ತಿದೆಯೆಂದು ಇಟ್ಟುಕೊಳ್ಳೋಣ. ಇದು ಸೆಕೆಂಡಿಗೆ 60 ಮೀಟರಿಗೂ ತುಸು ಹೆಚ್ಚು. ಆಗ ಅದರ ಚಲನಶಕ್ತಿಯು ಸುಮಾರು 27 ಲಕ್ಷ ಜೂಲುಗಳು. ಈ ಸಂಖ್ಯೆಯು ಮನಸ್ಸಿಗೆ ನಿಲುಕದಿದ್ದರೆ ಹೀಗೆ ಯೋಚಿಸಬಹುದು: ಅದೇ ಕಾರನ್ನು ಸುಮಾರು 186 ಮೀಟರು ಎತ್ತರದಿಂದ ಕೆಳಕ್ಕೆ ಬಿಟ್ಟರೆ, ಗಾಳಿಯ ತಡೆಯನ್ನು ಲೆಕ್ಕಿಸದಿದ್ದಲ್ಲಿ, ನೆಲವನ್ನು ಮುಟ್ಟುವಾಗ ಅದಕ್ಕೆ ಇಷ್ಟೇ ಶಕ್ತಿಯಿರುತ್ತದೆ. ಇದು ದೆಹಲಿಯ ಕುತುಬ್ ಮಿನಾರಿನ ಎರಡೂವರೆ ಪಟ್ಟು ಎತ್ತರ! ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವ ಕಾರಿಗೆ ಇದೇ ಲೆಕ್ಕವನ್ನು ಹಾಕಿದರೆ ಬರುವ ಎತ್ತರವು 14 ಮೀಟರು ಮಾತ್ರ.

ವೇಗವೆಂಬುದು ಒಂದು ಬಗೆಯ ಸಾಲ. ಎಂಜಿನಿನಿಂದ ಪಡೆದ ಈ ಶಕ್ತಿಯನ್ನು ಕಾರು ನಿಲ್ಲುವ ಮುನ್ನ ಹೇಗಾದರೂ ತೀರಿಸಲೇಬೇಕು. ಎಲ್ಲವೂ ನೆಟ್ಟಗಿದ್ದರೆ ಬ್ರೇಕುಗಳು ಅದನ್ನು ಶಾಖವನ್ನಾಗಿ ಮಾಡಿ ತೀರಿಸುತ್ತವೆ. ಟೈರು ಸಿಡಿದು ಅಥವಾ ಚಕ್ರಗಳು ಹಿಡಿತ ತಪ್ಪಿ ಕಾರು ಪಲ್ಟಿಯಾದರೆ, ಆ ಸಾಲವು ನೆಲದೊಡನೆ ಉಜ್ಜುವುದರಿಂದಲೂ, ಮತ್ತೆ ಮತ್ತೆ ಬಡಿಯುವುದರಿಂದಲೂ ತೀರುತ್ತದೆ. ಇಡೀ ಶಕ್ತಿಯು ಒಂದೇ ಹೊಡೆತದಲ್ಲಿ ಬೀಳುವುದಿಲ್ಲವೆಂಬುದೊಂದು ಸಮಾಧಾನ. ಆದರೆ ಪ್ರತಿಯೊಂದು ಹೊಡೆತದಲ್ಲಿಯೂ ಚಾವಣಿಯು ಒಳಕ್ಕೆ ಕುಸಿಯದೆ ನಿಲ್ಲಬೇಕು. ಸಾಮಾನ್ಯ ಕಾರಿನ ಚಾವಣಿಯನ್ನು ಹೊತ್ತಿರುವ ಕಂಬಗಳನ್ನು ಇಂತಹ ಸರಣಿ ಹೊಡೆತಗಳಿಗಾಗಿ ರೂಪಿಸಿರುವುದಿಲ್ಲ. ಕಾರಿನ ಮುಂಭಾಗವೂ ಹಿಂಭಾಗವೂ ನುಜ್ಜುಗುಜ್ಜಾದರೆ ಆಗಲಿ. ಮನುಷ್ಯನು ಕುಳಿತ ಜಾಗದ ಆಕಾರವು ಮಾತ್ರ ಕೆಡಕೂಡದು. ಪಂಜರದ ಕೆಲಸವೇ ಇದು.

ಪಂಜರವು ಬಂದ ಬಗೆ

ಈ ಅರಿವು ಮೂಡಲು ಹಲವರ ಪ್ರಾಣಗಳು ಬಲಿಯಾಗಬೇಕಾಯಿತು. 1916ರಲ್ಲಿ ಬಾಬ್ ಬರ್ಮನ್ ಎಂಬ ಹೆಸರಾಂತ ಓಟಗಾರನು ಕ್ಯಾಲಿಫೋರ್ನಿಯದ ಕರೋನಾ ನಗರದ ಸ್ಪರ್ಧೆಯಲ್ಲಿ, ತಲೆಯ ಮೇಲೆ ಯಾವ ಆಸರೆಯೂ ಇಲ್ಲದ ತೆರೆದ ಕಾರು ಉರುಳಿ ಮಡಿದನು. ಆತನ ಮಿತ್ರರಾಗಿದ್ದ ಬಾರ್ನಿ ಓಲ್ಡ್‌ಫೀಲ್ಡ್ ಮತ್ತು ಹ್ಯಾರಿ ಮಿಲ್ಲರ್ ಇಬ್ಬರೂ ಸೇರಿ 1917ರಲ್ಲಿ ಚಾಲಕನನ್ನು ಸುತ್ತಲೂ ಮುಚ್ಚುವ ಮೊಟ್ಟೆಯಾಕಾರದ ಕಾರೊಂದನ್ನು ತಯಾರಿಸಿದರು. ‘ಗೋಲ್ಡನ್ ಸಬ್‌ಮರೀನ್’ ಎಂದು ಪ್ರಸಿದ್ಧವಾದ ಆ ಕಾರಿನ ಒಳಗೆ ಚಾಲಕನನ್ನು ಕಾಯುವ ಚೌಕಟ್ಟನ್ನು ಅಳವಡಿಸಿದ್ದರು. ಆದರೂ ಈ ವಿಚಾರವು ನಿಯಮವಾಗಿ ಬೇರೂರಲು ದಶಕಗಳೇ ಹಿಡಿದವು. ಇಂಡಿಯಾನಾಪೊಲಿಸಿನ 500 ಮೈಲಿಗಳ ವಿಖ್ಯಾತ ಸ್ಪರ್ಧೆಯಲ್ಲಿ ಚಾಲಕನ ತಲೆಯ ಹಿಂದೆ ಉಕ್ಕಿನ ಕಮಾನು ಇರಲೇಬೇಕೆಂಬ ನಿಯಮವು ಬಂದದ್ದು 1959ರಲ್ಲಿ; ಅದಕ್ಕೆ ಕಾರಣ 1958ರ ಓಟದಲ್ಲಿ ಪ್ಯಾಟ್ ಓಕಾನರನ ಸಾವು.

ಡ್ರ್ಯಾಗ್ ಓಟದಲ್ಲಿ ಇಂದು ಕಾರು ಎಷ್ಟು ಚುರುಕಾಗಿ ಓಡುವುದೋ ಅದಕ್ಕೆ ತಕ್ಕ ರಕ್ಷಣೆಯಿರಬೇಕು. ನಾವು ಮೇಲೆ ಹೇಳಿದ ಅಮೆರಿಕದ ಸಂಸ್ಥೆಯ ನಿಯಮಾವಳಿಯಂತೆ, ಸ್ಥೂಲವಾಗಿ ಹೇಳುವುದಾದರೆ, ಕಾಲು ಮೈಲಿಯನ್ನು 11.49 ಸೆಕೆಂಡುಗಳಲ್ಲಿ ಅಥವಾ ಅದಕ್ಕಿಂತ ಬೇಗನೆ ಮುಗಿಸುವ ಕಾರಿಗೆ ಚಾಲಕನ ಹಿಂದಣ ಕಮಾನು ಬೇಕು. 10.99 ಸೆಕೆಂಡುಗಳನ್ನು ಮುಟ್ಟಿದರೆ, ಅಥವಾ ವೇಗವು ಗಂಟೆಗೆ 135 ಮೈಲಿಯನ್ನು ತಲುಪಿದರೆ, ಇಡೀ ಪಂಜರವೇ ಬೇಕು. ತಳವನ್ನೂ ಎಂಜಿನಿನ ಹಿಂದಿನ ಗೋಡೆಯನ್ನೂ ಕತ್ತರಿಸದೆ ಮೂಲದಂತೆಯೇ ಉಳಿಸಿಕೊಂಡ ಕಾರಿಗೆ 10.00 ಸೆಕೆಂಡಿನವರೆಗೆ ಕಮಾನಿನ ರಿಯಾಯಿತಿಯುಂಟು. ಈಚಿನ ಮಾದರಿಗಳಿಗೆ ಪ್ರತ್ಯೇಕ ಮಿತಿಗಳೂ ಇವೆ. 9.99 ಸೆಕೆಂಡು ಅಥವಾ ಅದಕ್ಕಿಂತ ಬೇಗನೆ ಓಡುವ ಕಾರಿನ ಚೌಕಟ್ಟನ್ನು ಪರೀಕ್ಷಕರು ತಪಾಸಣೆ ಮಾಡಿ ಪ್ರಮಾಣೀಕರಿಸಬೇಕು. ಒಂದು ಸೆಕೆಂಡಿನ ಸಣ್ಣ ಪಾಲಿಗಾಗಿ ಇಷ್ಟೊಂದು ನಿಯಮವೇಕೆಂದು ಯಾರಾದರೂ ಕೇಳಬಹುದು. ವೇಗದ ವರ್ಗದ ಲೆಕ್ಕವೇ ಅದಕ್ಕೆ ಉತ್ತರ.

ಸರಳಿಗಿಂತ ಕೊಳವೆ ಮೇಲು

ಪಂಜರವನ್ನು ಘನವಾದ ಸರಳುಗಳಿಂದ ಕಟ್ಟದೆ ಪೊಳ್ಳಾದ ಕೊಳವೆಗಳಿಂದ ಕಟ್ಟುವುದೇಕೆ? ಒಂದು ಹಾಳೆ ಕಾಗದವನ್ನು ಮೇಜಿನ ಅಂಚಿನಿಂದ ಹೊರಕ್ಕೆ ಚಾಚಿ ನೋಡಿರಿ. ಅದು ಕೂಡಲೇ ಬಾಗುತ್ತದೆ. ಅದನ್ನೇ ಕೊಳವೆಯಾಗಿ ಸುತ್ತಿ ಚಾಚಿದರೆ ನೆಟ್ಟಗೆ ನಿಲ್ಲುತ್ತದೆ. ಕಾಗದವು ಹೆಚ್ಚಲಿಲ್ಲ; ಅದು ನಡುವಿನ ಅಕ್ಷದಿಂದ ದೂರ ಸರಿಯಿತು, ಅಷ್ಟೆ. ಬಿದಿರಿನಲ್ಲಿಯೂ, ಹಕ್ಕಿಯ ಮೂಳೆಯಲ್ಲಿಯೂ ಪ್ರಕೃತಿಯು ಇದೇ ಉಪಾಯವನ್ನು ಬಳಸಿದೆ.

ಪಂಜರಕ್ಕೆ ಬಳಸುವ ಮೆದು ಉಕ್ಕಿನ ಕೊಳವೆಯ ಹೊರವ್ಯಾಸವು ಕನಿಷ್ಠ ಒಂದೂ ಐದೆಂಟಾಂಶ ಅಂಗುಲ, ಎಂದರೆ 41.3 ಮಿಲಿಮೀಟರು ಇರಬೇಕು. ಗೋಡೆಯ ದಪ್ಪವು 0.118 ಅಂಗುಲ, ಎಂದರೆ 3 ಮಿಲಿಮೀಟರು. ಇದರ ಒಂದು ಮೀಟರು ಉದ್ದವು ಸುಮಾರು 2.8 ಕಿಲೋಗ್ರಾಂ ತೂಗುತ್ತದೆ. ಇಷ್ಟೇ ತೂಕದ ಉಕ್ಕನ್ನು ಘನವಾದ ಸರಳಾಗಿ ಮಾಡಿದರೆ ಅದರ ವ್ಯಾಸವು 21.4 ಮಿಲಿಮೀಟರು ಮಾತ್ರ ಆಗುತ್ತದೆ. ಲೆಕ್ಕ ಹಾಕಿದರೆ, ಬಾಗುವಿಕೆಯನ್ನು ಎದುರಿಸುವುದರಲ್ಲಿ ಕೊಳವೆಯು ಆ ಸರಳಿಗಿಂತ ಆರು ಪಟ್ಟಿಗೂ ಹೆಚ್ಚು ಬಿರುಸಾದುದೆಂದು ತಿಳಿಯುತ್ತದೆ. ತೂಕವೂ ಅದೇ, ಉಕ್ಕೂ ಅದೇ; ಆಕಾರವೊಂದೇ ಬೇರೆ.

ಮೆದು ಉಕ್ಕಿಗೆ ಬದಲಾಗಿ 4130 ಎಂಬ ಸಂಖ್ಯೆಯ ಮಿಶ್ರಲೋಹದ ಉಕ್ಕನ್ನೂ ಬಳಸುವುದುಂಟು. ಇದರಲ್ಲಿ ನೂರಕ್ಕೆ 0.3ರಷ್ಟು ಇಂಗಾಲವೂ, ಸುಮಾರು 1ರಷ್ಟು ಕ್ರೋಮಿಯಮ್ಮೂ, 0.2ರಷ್ಟು ಮಾಲಿಬ್ಡಿನಮ್ಮೂ ಇರುತ್ತವೆ. ಇದು ಹೆಚ್ಚು ಬಲವುಳ್ಳದ್ದಾದುದರಿಂದ ಗೋಡೆಯ ದಪ್ಪವು 0.083 ಅಂಗುಲ, ಎಂದರೆ 2.1 ಮಿಲಿಮೀಟರು ಇದ್ದರೆ ಸಾಕು. ಪಂಜರಕ್ಕೆ 20 ಮೀಟರು ಕೊಳವೆ ಬೇಕಾಯಿತೆಂದು ಇಟ್ಟುಕೊಂಡರೆ, ಮೆದು ಉಕ್ಕಿನದು 57 ಕಿಲೋಗ್ರಾಂ, ಮಿಶ್ರಲೋಹದ್ದು 41 ಕಿಲೋಗ್ರಾಂ ತೂಗುವುದು. ಹದಿನಾರು ಕಿಲೋಗ್ರಾಮಿನ ಉಳಿತಾಯವು ಓಟಗಾರನಿಗೆ ದೊಡ್ಡದೇ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಮಿಶ್ರಲೋಹವು ಹೆಚ್ಚು ಹೊರೆಯನ್ನು ತಾಳಿಕೊಂಡರೂ, ಅದರ ಸ್ಥಿತಿಸ್ಥಾಪಕ ಗುಣಾಂಕವು ಮೆದು ಉಕ್ಕಿನಷ್ಟೇ ಇರುತ್ತದೆ. ಆದುದರಿಂದ ಗೋಡೆಯನ್ನು ತೆಳುವಾಗಿಸಿದ ಕೊಳವೆಯು ಅದೇ ಹೊರೆಗೆ ಹೆಚ್ಚು ಬಳುಕುತ್ತದೆ. ಬಲ ಬೇರೆ, ಬಿರುಸು ಬೇರೆ ಎಂಬ ಪಾಠವನ್ನು ಈ ಕೊಳವೆಗಳು ಚೆನ್ನಾಗಿ ಕಲಿಸುತ್ತವೆ.

ಬಗ್ಗಿಸುವುದು, ಬೆಸೆಯುವುದು

ಪಂಜರದ ಬೆನ್ನೆಲುಬು ಚಾಲಕನ ಹಿಂದಿರುವ ಕಮಾನು. ಇದು ತಳದ ಒಂದು ಪಕ್ಕದಿಂದ ಎದ್ದು ಚಾವಣಿಯ ಕೆಳಗೆ ಹಾದು ಇನ್ನೊಂದು ಪಕ್ಕಕ್ಕೆ ಇಳಿಯುವ ಒಂದೇ ಅಖಂಡವಾದ ಕೊಳವೆ. ಇದು ಚಾಲಕನ ಶಿರಸ್ತ್ರಾಣಕ್ಕಿಂತ ಕನಿಷ್ಠ 3 ಅಂಗುಲ ಮೇಲಿರಬೇಕು; ತಲೆಯಿಂದ 6 ಅಂಗುಲಕ್ಕಿಂತ ಹಿಂದೆ ಸರಿದಿರಕೂಡದು. ಕೊಳವೆಯನ್ನು ಬಗ್ಗಿಸುವಾಗ ಒಳಮೈ ಸುಕ್ಕುಗಟ್ಟಿದರೂ, ದುಂಡನೆಯ ಕೊಳವೆಯು ಚಪ್ಪಟೆಯಾದರೂ ಅದರ ಬಲವು ಅಲ್ಲಿಯೇ ಕುಂದುತ್ತದೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟದ ನಿಯಮದಂತೆ ಬಾಗಿನ ತ್ರಿಜ್ಯವು ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇರಕೂಡದು. ಬಗ್ಗಿಸಿದ ಕಡೆ ಕಿರಿಯ ವ್ಯಾಸವು ಹಿರಿಯ ವ್ಯಾಸದ 0.9 ಪಾಲಿಗಿಂತ ಕಡಿಮೆಯಾಗಕೂಡದು.

ಕಮಾನು ಒಂದೇ ನಿಂತರೆ ಸಾಲದು. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಮೊಳೆಯಿಂದ ಜೋಡಿಸಿ ಚೌಕ ಮಾಡಿದರೆ ಅದು ಬೆರಳಿನಿಂದ ತಳ್ಳಿದರೂ ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನವು ವಾಲುವುದಿಲ್ಲ. ಕಡ್ಡಿಯ ಉದ್ದವು ಬದಲಾಗದ ಹೊರತು ತ್ರಿಕೋನದ ಆಕಾರವು ಬದಲಾಗಲಾರದು. ಸೇತುವೆಯ ಚೌಕಟ್ಟುಗಳಲ್ಲಿ ನಾವು ಕಾಣುವ ತತ್ತ್ವವೇ ಇಲ್ಲಿಯೂ ಇದೆ. ಕಮಾನಿನ ಮೇಲ್ತುದಿಯಿಂದ ಹಿಂದಕ್ಕೆ ಇಳಿಯುವ ಎರಡು ಊರುಗೋಲುಗಳು, ಮುಂದಿನ ಗಾಜಿನ ಪಕ್ಕದಲ್ಲಿ ಇಳಿಯುವ ಎರಡು ಕೊಳವೆಗಳು, ಬಾಗಿಲಿನ ಪಕ್ಕದ ಅಡ್ಡಕೊಳವೆಗಳು, ಇವೆಲ್ಲ ಸೇರಿ ಚಾಲಕನ ಸುತ್ತ ತ್ರಿಕೋನಗಳ ಜಾಲವನ್ನು ಹೆಣೆಯುತ್ತವೆ. ಬಾಗಿಲ ಪಕ್ಕದ ಕೊಳವೆಯು ಚಾಲಕನ ಭುಜಕ್ಕೂ ಮೊಣಕೈಗೂ ನಡುವೆ ಹಾದುಹೋಗಬೇಕು. ಭುಜದ ಪಟ್ಟಿಗಳನ್ನು ಕಟ್ಟುವ ಅಡ್ಡಕೊಳವೆಯು ಭುಜಕ್ಕಿಂತ ಮೇಲಿರಕೂಡದು, 4 ಅಂಗುಲಕ್ಕಿಂತ ಕೆಳಗೂ ಇರಕೂಡದು. ಅದು ತೀರ ಕೆಳಗಿದ್ದರೆ ಡಿಕ್ಕಿಯ ವೇಳೆಯಲ್ಲಿ ಪಟ್ಟಿಗಳು ಚಾಲಕನ ಬೆನ್ನೆಲುಬನ್ನು ಕೆಳಮುಖವಾಗಿ ಅದುಮಿಬಿಡುತ್ತವೆ.

ಕೊಳವೆಯು ಕೊಳವೆಯನ್ನು ಕೂಡುವೆಡೆಯಲ್ಲಿ ಅದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು, ಸಂದಿಲ್ಲದಂತೆ ಕೂರಿಸಿ, ಸುತ್ತಲೂ ಬೆಸೆಯಬೇಕು. ಇಲ್ಲಿ ಕಸಬುದಾರರಿಗೆ ಒಂದು ತೊಡಕು ಎದುರಾಗುತ್ತದೆ: ಕಮಾನು ಚಾವಣಿಗೆ ತಾಗುವಷ್ಟು ಹತ್ತಿರವಿದ್ದರೆ ಕೂಡುಗಳ ಮೇಲ್ಭಾಗಕ್ಕೆ ಬೆಸುಗೆಯ ಕೈ ಹೋಗುವುದೆಂತು? ಕಾಲುಗಳು ನಿಲ್ಲುವೆಡೆಯಲ್ಲಿ ತಳಹಾಳೆಗೆ ತೂತು ಕೊರೆದು, ಪಂಜರವನ್ನು ಆ ತೂತುಗಳೊಳಗೆ ಕೆಳಕ್ಕೆ ಇಳಿಸಿ, ಮೇಲಿನ ಕೂಡುಗಳನ್ನು ಬೆಸೆದು, ಮತ್ತೆ ಮೇಲಕ್ಕೆತ್ತಿ, ತೂತುಗಳನ್ನು ದಪ್ಪ ತಗಡಿನಿಂದ ಮುಚ್ಚಿ ಕಾಲುಗಳನ್ನು ನಿಲ್ಲಿಸುತ್ತಾರೆ. ಎಂತಹ ಸರಳವಾದ ಉಪಾಯ!

ಮಿಶ್ರಲೋಹದ ಕೊಳವೆಗಳನ್ನು ಟಂಗ್‌ಸ್ಟನ್ ಕಡ್ಡಿಯ ಟಿಗ್ ಬೆಸುಗೆಯಿಂದಲೇ ಕೂಡಿಸಬೇಕೆಂದು ನಿಯಮವಿದೆ. ಈ ಉಕ್ಕು ಕಾದು ಕೆಂಪಾಗಿ ಥಟ್ಟನೆ ತಣಿದರೆ ಬೆಸುಗೆಯ ಪಕ್ಕದ ಭಾಗವು ಗಾಜಿನಂತೆ ಗಡಸಾಗಿ ಒಡೆಯುವ ಸ್ವಭಾವವನ್ನು ಪಡೆಯುತ್ತದೆ. ಟಿಗ್ ವಿಧಾನದಲ್ಲಿ ಶಾಖವನ್ನು ಹಿಡಿತದಲ್ಲಿಟ್ಟುಕೊಳ್ಳಬಹುದು. ಮೆದು ಉಕ್ಕಿಗೆ ತಂತಿಯನ್ನು ಉಣಿಸುವ ಮಿಗ್ ಬೆಸುಗೆಯೂ ಆಗಬಹುದು. ಬೆಸುಗೆಯು ನೋಡಲು ಒರಟಾಗಿದೆಯೆಂದು ಅದನ್ನು ಅರೆದು ನುಣುಪು ಮಾಡಕೂಡದು. ಅರೆದರೆ ಲೋಹವು ಕಡಿಮೆಯಾಗುವುದಲ್ಲದೆ, ದೋಷಗಳೂ ಪರೀಕ್ಷಕನ ಕಣ್ಣಿಗೆ ಮರೆಯಾಗುತ್ತವೆ.

ಕೊಳವೆಯ ಗೋಡೆಯ ದಪ್ಪವನ್ನು ಪರೀಕ್ಷಕನು ತಿಳಿಯುವ ಬಗೆಯೂ ಸ್ವಾರಸ್ಯವಾದುದು. ಆತನು ಕೊಳವೆಯನ್ನು ಕತ್ತರಿಸುವುದಿಲ್ಲ. ಶ್ರವಣಾತೀತ ಶಬ್ದದ ಅಲೆಯೊಂದನ್ನು ಅದರೊಳಗೆ ಕಳುಹಿಸಿ, ಅದು ಒಳಗೋಡೆಗೆ ತಾಗಿ ಮರಳುವ ಹೊತ್ತನ್ನು ಅಳೆಯುತ್ತಾನೆ. ಉಕ್ಕಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 5900 ಮೀಟರು. 3 ಮಿಲಿಮೀಟರು ಗೋಡೆಯನ್ನು ಹೋಗಿ ಬರಲು ಅದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಸಾಕು!

ಕಾಲೂರಲು ನೆಲ

ಎಷ್ಟೇ ಗಟ್ಟಿಯಾದ ಕಂಬವಾದರೂ ಕೆಸರಿನಲ್ಲಿ ನಿಲ್ಲಿಸಿದರೆ ಹೂತುಹೋಗುತ್ತದೆ. 1979ರಿಂದ 1993ರವರೆಗೆ ತಯಾರಾದ ಫೋರ್ಡ್ ಮಸ್ಟ್ಯಾಂಗ್ ಕಾರನ್ನು ಡ್ರ್ಯಾಗ್ ಓಟಗಾರರು ಬಹಳವಾಗಿ ಮೆಚ್ಚುತ್ತಾರೆ. ಅದಕ್ಕೆ ಲಾರಿಯಂತೆ ಪ್ರತ್ಯೇಕವಾದ ಉಕ್ಕಿನ ಅಡಿಗಟ್ಟು ಇಲ್ಲ. ತೆಳುವಾದ ತಗಡುಗಳನ್ನು ಮಡಿಸಿ ಬೆಸೆದ ಒಡಲೇ ಎಲ್ಲವನ್ನೂ ಹೊತ್ತಿದೆ. ಇಂದಿನ ಹೆಚ್ಚಿನ ಕಾರುಗಳ ಕತೆಯೂ ಇದೇ. ಇಂತಹ ತಗಡಿನ ಮೇಲೆ ಕೊಳವೆಯ ಬರಿಯ ತುದಿಯನ್ನು ನಿಲ್ಲಿಸಿದರೆ, ಉರುಳಿದ ಹೊಡೆತಕ್ಕೆ ಅದು ಹಿಟ್ಟಿಗೆ ಒತ್ತಿದ ಅಚ್ಚಿನಂತೆ ತಳವನ್ನು ಕೊರೆದುಕೊಂಡು ಹೊರಬರುವುದು. ಆದುದರಿಂದ ಪ್ರತಿಯೊಂದು ಕಾಲಿನ ಕೆಳಗೂ ಕನಿಷ್ಠ 6 ಅಂಗುಲ ಚೌಕದ, ಅಂಗುಲದ ಎಂಟನೆಯ ಒಂದು ಪಾಲು ದಪ್ಪದ ಉಕ್ಕಿನ ಫಲಕವಿರಬೇಕು. ಕೊಳವೆಯ ತುದಿಯ ವಿಸ್ತೀರ್ಣಕ್ಕೆ ಹೋಲಿಸಿದರೆ ಈ ಫಲಕದ ವಿಸ್ತೀರ್ಣವು ಸುಮಾರು 64 ಪಟ್ಟು. ಬಲವು ಅಷ್ಟೇ ಇದ್ದರೂ ಅದು ಹರಡಿಕೊಳ್ಳುವುದರಿಂದ ಒತ್ತಡವು ಆ ಪ್ರಮಾಣದಲ್ಲಿ ತಗ್ಗುತ್ತದೆ.

ಕಾಯುವುದೇ ಕೊಲ್ಲುವ ಬಗೆ

ಇಷ್ಟೆಲ್ಲ ಓದಿದ ಮೇಲೆ, ಎಲ್ಲ ಕಾರುಗಳಿಗೂ ಪಂಜರವನ್ನು ಕಟ್ಟಿಬಿಡಬಹುದಲ್ಲವೆ ಎಂದು ಓದುಗರಿಗೆ ತೋರಬಹುದು. ಇಲ್ಲಿಯೇ ಬೀದಿಯ ಕಾರಿನ ನಿಜವಾದ ಸಮಸ್ಯೆಯು ಎದುರಾಗುತ್ತದೆ.

ಓಟದ ಹಾದಿಯಲ್ಲಿ ಚಾಲಕನು ಶಿರಸ್ತ್ರಾಣವನ್ನು ಧರಿಸಿರುತ್ತಾನೆ. ಐದು ಕಡೆಯ ಪಟ್ಟಿಗಳು ಆತನನ್ನು ಆಸನಕ್ಕೆ ಬಿಗಿದಿರುತ್ತವೆ. ಬೀದಿಯಲ್ಲಿ ಕಾರು ನಡೆಸುವವರ ತಲೆಯು ಬರಿದು. ಸಾಮಾನ್ಯ ಪಟ್ಟಿಯಾದರೆ ಮೈಯನ್ನು ಸಾಕಷ್ಟು ಓಲಾಡಗೊಡುತ್ತದೆ. ಒಂದು ಸಣ್ಣ ಡಿಕ್ಕಿಯಲ್ಲಿ ತಲೆಯು ಗಂಟೆಗೆ 18 ಕಿಲೋಮೀಟರು, ಎಂದರೆ ಸೆಕೆಂಡಿಗೆ 5 ಮೀಟರು ವೇಗದಿಂದ ಪಕ್ಕದ ಕೊಳವೆಗೆ ಬಡಿಯಿತೆಂದು ಭಾವಿಸೋಣ. ಉಕ್ಕು ಬಗ್ಗುವುದಿಲ್ಲ. ತಲೆಯು 3 ಮಿಲಿಮೀಟರಿನೊಳಗೆ ನಿಂತರೆ ಅದರ ಮೇಲಿನ ಸರಾಸರಿ ಮಂದಗತಿಯು ಗುರುತ್ವದ 400 ಪಟ್ಟಿಗೂ ಮಿಗಿಲು. ಅದೇ ತಲೆಯು 20 ಮಿಲಿಮೀಟರು ಕುಗ್ಗುವ ಮೆತ್ತೆಗೆ ಬಡಿದರೆ ಅದು ಸುಮಾರು 64 ಪಟ್ಟಿಗೆ ಇಳಿಯುತ್ತದೆ. ಮೊದಲನೆಯದು ಮಾರಕವಾಗಬಹುದು, ಎರಡನೆಯದರಲ್ಲಿ ಬದುಕುವ ಆಸೆಯುಂಟು. 217 ಕಿಲೋಮೀಟರು ವೇಗದಲ್ಲಿ ಪ್ರಾಣವನ್ನು ಕಾಯಲು ಕಟ್ಟಿದ ಪಂಜರವು 40 ಕಿಲೋಮೀಟರು ವೇಗದ ಡಿಕ್ಕಿಯಲ್ಲಿ ಪ್ರಾಣವನ್ನು ತೆಗೆಯಬಹುದು!

ಇದಕ್ಕೆ ಪೂರ್ಣವಾದ ಪರಿಹಾರವಿಲ್ಲ. ಅಪಾಯವನ್ನು ತಗ್ಗಿಸುವ ಉಪಾಯಗಳು ಮಾತ್ರ ಉಂಟು. ಕೊಳವೆಗಳನ್ನು ಚಾವಣಿಗೂ ಕಂಬಗಳಿಗೂ ಆದಷ್ಟು ಒತ್ತಿ ಕೂರಿಸಬೇಕು. ತಲೆಗೆ ತಾಗಬಹುದಾದ ಎಲ್ಲ ಕಡೆಯೂ ಎಸ್‌ಎಫ್‌ಐ 45.1 ಎಂಬ ಮಾನದಂಡಕ್ಕೆ ಒಪ್ಪುವ ಗಟ್ಟಿ ಮೆತ್ತೆಯನ್ನು ಹೊದಿಸಬೇಕು. ನೀರಿನ ಕೊಳವೆಗೆ ಸುತ್ತುವ ಮೃದುವಾದ ನೊರೆಯು ಒಂದೇ ಒತ್ತಿಗೆ ಚಪ್ಪಟೆಯಾಗಿ ಉಕ್ಕಿಗೆ ದಾರಿಬಿಡುವುದರಿಂದ ನಿಷ್ಪ್ರಯೋಜಕ. ಹಿಂದಿನ ಆಸನದಲ್ಲಿ, ಕಮಾನಿಗೂ ಊರುಗೋಲುಗಳಿಗೂ ತಲೆ ತಾಗುವೆಡೆಯಲ್ಲಿ, ಯಾರನ್ನೂ ಕೂರಿಸಕೂಡದು. ಹೊಸ ಕಾರುಗಳಲ್ಲಿ ಚಾವಣಿಯ ಅಂಚಿನಿಂದ ಪರದೆಯಂತೆ ಬಿಚ್ಚಿಕೊಳ್ಳುವ ಗಾಳಿಚೀಲಗಳಿಗೆ ಕೊಳವೆಗಳು ಅಡ್ಡಬರುವುದನ್ನೂ ನೆನಪಿಡಬೇಕು. ಒಂದು ರಕ್ಷಣೆಯನ್ನು ಕೂಡಿಸುವಾಗ ಇನ್ನೊಂದು ರಕ್ಷಣೆಯು ಕಳೆದುಹೋಗುತ್ತದೆ. ಈ ಕಾರಣದಿಂದ, ವಾರದ ದಿನಗಳಲ್ಲಿ ಮನೆಮಂದಿಯನ್ನು ಹೊತ್ತು ತಿರುಗುವ ಕಾರಿಗೆ ಪಂಜರವು ಸಲ್ಲದೆಂದು ಅನುಭವಿಗಳು ಹೇಳುತ್ತಾರೆ.

ನಮ್ಮ ದೇಶದಲ್ಲಿಯೂ ರ‍್ಯಾಲಿ ಓಟದ ಕಾರುಗಳಲ್ಲಿ ಪಂಜರಗಳನ್ನು ಕಾಣಬಹುದು. ಕರ್ನಾಟಕದ ಕೆ-1000 ರ‍್ಯಾಲಿಯನ್ನು ನೋಡಲು ಹೋದವರು ಅವುಗಳನ್ನು ಗಮನಿಸಿರಬಹುದು. ಆದರೆ ಬೀದಿಯ ಕಾರಿನ ಮಾತು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅಮೆರಿಕದ ಚಿತ್ರಗಳನ್ನು ನೋಡಿ ನಮ್ಮ ಊರಿನ ಗ್ಯಾರೇಜಿನಲ್ಲಿ ನೀರಿನ ಕೊಳವೆಗಳನ್ನು ಬೆಸೆದು ಪಂಜರ ಮಾಡಿಸಿಕೊಳ್ಳುವವನು ಕಾನೂನನ್ನಷ್ಟೇ ಅಲ್ಲ, ಭೌತವಿಜ್ಞಾನವನ್ನೂ ಎದುರು ಹಾಕಿಕೊಂಡಂತೆ.

ಎಂಜಿನಿಯರಿಂಗನ್ನು ಕಲಿಯಲು ಹೊರಟ ತರುಣ ತರುಣಿಯರು ಈ ಪಂಜರದಿಂದ ಒಂದು ಮಾತನ್ನು ಕಲಿಯಬಹುದು. ಗಟ್ಟಿಯಾದುದೆಲ್ಲ ಸುರಕ್ಷಿತವಲ್ಲ. ಯಾವ ವೇಗಕ್ಕೆ, ಯಾವ ಹೊಡೆತಕ್ಕೆ, ಹೇಗೆ ಕುಳಿತ ಮನುಷ್ಯನಿಗೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರವನ್ನು ಕಂಡುಕೊಂಡು, ಆಮೇಲೆ ಕೊಳವೆಯನ್ನು ಕತ್ತರಿಸಲು ಕೈಹಾಕಬೇಕು.